ಲೆ ಮಾನ್ ಗೆದ್ದ ಜಾಗ್ವಾರ್ ನಿಮ್ಮ ಶೆಡ್ಡಿನಲ್ಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಜಾಗ್ವಾರ್ ಸಿ-ಟೈಪ್ ರೇಸ್ ಕಾರಿನ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಆಸೆಯನ್ನು ಹೇಳಿಕೊಂಡಿವೆ: ಅಂಥ ಕಾರನ್ನು ಸ್ವತಃ ಕಟ್ಟಬಹುದೇ? ಆಯ್ದ ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೂವತ್ತು ವರ್ಷ ಲೇತ್ ವರ್ಕ್‌ಶಾಪ್ ನಡೆಸಿ ಈಗ ಅದನ್ನು ಮಗನಿಗೆ ಒಪ್ಪಿಸಿದ್ದೇನೆ. ಸಿ-ಟೈಪ್‌ನ ಪ್ರತಿಕೃತಿ ಕಟ್ಟಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ? (ಹುಬ್ಬಳ್ಳಿಯ ಓದುಗರು)

ಉತ್ತರ: ಯಾವ ವರ್ಷದ ಸಿ-ಟೈಪ್ ಎಂದು ನಿರ್ಧರಿಸುವುದರಿಂದ ಆರಂಭಿಸಿ. ಈ ಹೆಸರಿನ ಕಾರುಗಳು ತಯಾರಾದದ್ದು 53 ಮಾತ್ರ. ಆದರೂ 1951ರಲ್ಲಿ ಪೀಟರ್ ವಾಕರ್ ಮತ್ತು ಪೀಟರ್ ವೈಟ್‌ಹೆಡ್ ಫ್ರಾನ್ಸಿನ ಲೆ ಮಾನ್‌ನ 24 ಗಂಟೆಗಳ ರೇಸ್ ಗೆದ್ದ ಕಾರಿಗೂ 1953ರಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ದ ಕಾರಿಗೂ ಮೇಲ್ನೋಟಕ್ಕೆ ಕಾಣದ ದೊಡ್ಡ ವ್ಯತ್ಯಾಸಗಳಿವೆ. ಮೊದಲನೆಯದರಲ್ಲಿ ಡ್ರಮ್ ಬ್ರೇಕ್ ಮತ್ತು ಎರಡು ಎಸ್‌ಯು ಕಾರ್ಬ್ಯುರೇಟರ್‌ಗಳಿದ್ದವು. ಎರಡನೆಯದರಲ್ಲಿ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಮೂರು ವೆಬರ್ ಕಾರ್ಬ್ಯುರೇಟರ್‌ಗಳು, ಇನ್ನಷ್ಟು ಹಗುರವಾದ ಬಾಡಿ, ವಿಮಾನಗಳಲ್ಲಿ ಬಳಸುವಂಥ ರಬ್ಬರಿನ ಪೆಟ್ರೋಲ್ ಚೀಲ ಇದ್ದವು. ಎರಡನ್ನೂ ಬೆರೆಸಿ ಕಟ್ಟಿದರೆ ಅದು ಯಾವ ಕಾರಿನ ಪ್ರತಿಕೃತಿಯೂ ಆಗುವುದಿಲ್ಲ. ನನ್ನನ್ನು ಕೇಳಿದರೆ 1953ರ ಮಾದರಿಯನ್ನೇ ಆರಿಸಿಕೊಳ್ಳಿ. ಅದಕ್ಕೆ ಮುಖ್ಯ ಕಾರಣ ಬ್ರೇಕ್. ಡ್ರಮ್ ಬಿಸಿಯಾದಾಗ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಕೆಳಕ್ಕಿಳಿಯುತ್ತಾ ಹೋಗುತ್ತದೆ. ಡಿಸ್ಕ್ ತೆರೆದ ಗಾಳಿಯಲ್ಲೇ ತಿರುಗುವುದರಿಂದ ಬೇಗ ತಣಿಯುತ್ತದೆ. ಹಿಗ್ಗಿದರೂ ಪ್ಯಾಡಿನತ್ತಲೇ ಹಿಗ್ಗುತ್ತದೆ. ಡನ್‌ಲಪ್ ಜೊತೆ ಸೇರಿ ರೂಪಿಸಿದ ಈ ಬ್ರೇಕ್ ಹಾಕಿದ ಸಿ-ಟೈಪ್‌ನಲ್ಲಿ ಬ್ರಿಟನ್ನಿನ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ 1952ರಲ್ಲಿ ಫ್ರಾನ್ಸಿನ ರ‍್ಯಾಂಸ್‌ನಲ್ಲಿ ಗೆದ್ದರು. ಮರುವರ್ಷ ಲೆ ಮಾನ್‌ನಲ್ಲಿ ಜಾಗ್ವಾರ್‌ಗೆ ಒಂದು, ಎರಡು ಮತ್ತು ನಾಲ್ಕನೆಯ ಸ್ಥಾನಗಳು ಬಂದವು; ಗೆದ್ದ ಕಾರಿನ ಸರಾಸರಿ ವೇಗ ಆ ರೇಸಿನ ಇತಿಹಾಸದಲ್ಲಿ ಮೊದಲ ಬಾರಿ ಗಂಟೆಗೆ 100 ಮೈಲಿ ದಾಟಿತು.

ಎರಡನೆಯ ಮಾತು, ಎಂಜಿನ್ ಕೈಗೆ ಬರುವ ಮೊದಲು ಚಾಸಿಸ್‌ಗೆ ಒಂದು ಪೈಪನ್ನೂ ಕತ್ತರಿಸಬೇಡಿ. ಸಿ-ಟೈಪ್‌ನ ಎಂಜಿನ್ ಜಾಗ್ವಾರ್‌ನ ಎಕ್ಸ್‌ಕೆ: ಸಾಲಾಗಿ ನಿಂತ ಆರು ಸಿಲಿಂಡರ್, ಎರಕದ ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್, ಅದರ ಮೇಲೆ ಎರಡು ಕ್ಯಾಮ್‌ಶಾಫ್ಟ್, 83 ಮಿ.ಮೀ. ಬೋರ್, 106 ಮಿ.ಮೀ. ಸ್ಟ್ರೋಕ್, ಒಟ್ಟು 3,442 ಸಿಸಿ. ಇದೇ ಮೂಲದ ಎಂಜಿನ್ ದಶಕಗಳ ಕಾಲ ಜಾಗ್ವಾರ್‌ನ ಸಾಮಾನ್ಯ ಸೆಡಾನ್‌ಗಳಲ್ಲೂ ಬಂದಿರುವುದರಿಂದ ಇಂಗ್ಲೆಂಡಿನಲ್ಲಿ ಇಂದಿಗೂ ಸಿಗುತ್ತದೆ, ನಮ್ಮಲ್ಲಿ ವಿರಳ. ಅದು ಉದ್ದ ಮತ್ತು ಭಾರದ ಎಂಜಿನ್. ಅದನ್ನು ಎಷ್ಟು ಹಿಂದಕ್ಕೆ ಕೂರಿಸುತ್ತೀರಿ ಎಂಬುದರ ಮೇಲೆ ಚಾಲಕನ ಕಾಲಿಗೆ ಉಳಿಯುವ ಜಾಗ, ಸ್ಟಿಯರಿಂಗ್ ಕಂಬದ ದಾರಿ, ಎಕ್ಸಾಸ್ಟ್‌ನ ತಿರುವು ಎಲ್ಲವೂ ನಿಂತಿವೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 96 ಅಂಗುಲ ಮಾತ್ರ. ಅಷ್ಟರಲ್ಲಿ ತಪ್ಪಿಗೆ ಎಡೆಯಿಲ್ಲ.

ಚಾಸಿಸ್ ಎಂದರೆ ಉಕ್ಕಿನ ದುಂಡು ಪೈಪ್‌ಗಳನ್ನು ತ್ರಿಕೋನಗಳಾಗಿ ಬೆಸೆದ ಹಂದರ. ಸಮತಟ್ಟಾದ ದಪ್ಪ ಉಕ್ಕಿನ ಮೇಜಿನ ಮೇಲೆ ಜಿಗ್ (ಪೈಪ್‌ಗಳನ್ನು ಅಲುಗದಂತೆ ಹಿಡಿಯುವ ಚೌಕಟ್ಟು) ಕಟ್ಟಿ, ಎಲ್ಲ ಪೈಪ್‌ಗಳನ್ನೂ ಮೊದಲು ಚುಕ್ಕಿ ಬೆಸುಗೆಯಲ್ಲಿ ನಿಲ್ಲಿಸಿ, ಕರ್ಣಗಳನ್ನು ಅಳೆದು, ಆಮೇಲೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಎಂಬಂತೆ ಪೂರ್ತಿ ಬೆಸುಗೆ ಹಾಕಿ. ಒಂದೇ ಬದಿಯನ್ನು ಮುಗಿಸಿ ಇನ್ನೊಂದಕ್ಕೆ ಹೋದರೆ ಶಾಖಕ್ಕೆ ಇಡೀ ಹಂದರ ತಿರುಚಿಕೊಳ್ಳುತ್ತದೆ. ಲೇತ್ ಹಿಡಿದ ಕೈ ನಿಮ್ಮದು. ಉಳಿದವರಿಗಿಂತ ನೀವು ಆಗಲೇ ಬಹಳ ಮುಂದಿದ್ದೀರಿ.

ಪ್ರಶ್ನೆ: ಮೂತಿಯನ್ನು ಇನ್ನಷ್ಟು ತಗ್ಗಿಸಿ ಚೂಪಾಗಿಸಿದರೆ ಕಾರು ಇನ್ನೂ ಚೆಂದ ಕಾಣುತ್ತದೆ, ವೇಗವೂ ಹೆಚ್ಚುತ್ತದೆ ಅಲ್ಲವೇ? (ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ಜಾಗ್ವಾರ್ ಕಂಪನಿಯೇ 1952ರಲ್ಲಿ ಹಾಗೆಂದುಕೊಂಡಿತ್ತು. ಆ ವರ್ಷ ಇಟಲಿಯ ಮಿಲೆ ಮಿಲಿಯಾ ರೇಸಿನಲ್ಲಿ ಮರ್ಸಿಡಿಸ್ 300 ಎಸ್‌ಎಲ್‌ನ ವೇಗ ಕಂಡು ಕಳವಳಗೊಂಡ ಸ್ಟರ್ಲಿಂಗ್ ಮಾಸ್, ಲೆ ಮಾನ್‌ಗೆ ಹೆಚ್ಚಿನ ವೇಗ ಬೇಕೇ ಬೇಕು ಎಂದು ತಿಳಿಸಿದರು. ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿ ದುಡಿದು ಬಂದಿದ್ದ ವಿನ್ಯಾಸಕಾರ ಮಾಲ್ಕಂ ಸೇಯರ್ ಅವಸರದಲ್ಲಿ ಮೂತಿಯನ್ನು ತಗ್ಗಿಸಿ, ಬಾಲವನ್ನು ಉದ್ದ ಮಾಡಿದರು. ಲೆ ಮಾನ್‌ನಲ್ಲಿ ಮೂರು ಕಾರುಗಳೂ ಎಂಜಿನ್ ಕಾದು ಆರಂಭದಲ್ಲೇ ನಿಂತವು.

ತಪ್ಪು ಆ ತಗ್ಗು ಮೂತಿಯದೇ ಎಂದು ಹೇಳಿಬಿಡುವುದು ಸುಲಭ. ಆದರೆ ರೇಸಿನ ಬಳಿಕ ಜಾಗ್ವಾರ್‌ನ ಪರೀಕ್ಷಾ ಚಾಲಕ ನಾರ್ಮನ್ ಡೂಯಿಸ್ ಕಾರನ್ನು ಪರೀಕ್ಷಿಸಿದಾಗ ಕಂಡದ್ದು ಬೇರೆ. ಹೊಸ ವ್ಯವಸ್ಥೆಯಲ್ಲಿ ನೀರಿನ ಮೇಲ್ತೊಟ್ಟಿ ರೇಡಿಯೇಟರ್‌ನಿಂದ ದೂರಕ್ಕೆ ಹೋಗಿತ್ತು, ಅವೆರಡನ್ನೂ ಜೋಡಿಸುವ ಕೊಳವೆಗಳು ತೀರ ಸಣ್ಣವಾಗಿದ್ದವು, ಪಂಪಿನ ಪುಲ್ಲಿ ಚಿಕ್ಕದಾಗಿದ್ದರಿಂದ ಪಂಪು ಅತಿ ವೇಗವಾಗಿ ತಿರುಗಿ, ನೀರನ್ನು ತಳ್ಳುವ ಬದಲು ಅದರಲ್ಲಿ ಗುಳ್ಳೆ ಎಬ್ಬಿಸುತ್ತಿತ್ತು. ಪುಲ್ಲಿಯನ್ನು ದೊಡ್ಡದು ಮಾಡಿ ಕೊಳವೆಗಳನ್ನು ಅಗಲಿಸಿದೊಡನೆ ತೊಂದರೆ ನಿಂತಿತು. ಹೊಸ ಆಕಾರದ ನಿಜವಾದ ದೋಷ ಇನ್ನೊಂದಿತ್ತು: ಹೆಚ್ಚಿನ ವೇಗದಲ್ಲಿ ಹಿಂಭಾಗ ನೆಲದ ಮೇಲಿನ ಒತ್ತು ಕಳೆದುಕೊಂಡು ಕಾರು ನೇರದಾರಿಯಲ್ಲೇ ಅತ್ತಿತ್ತ ಹೊಯ್ದಾಡುತ್ತಿತ್ತು.

ಇದರಿಂದ ಪ್ರತಿಕೃತಿ ಕಟ್ಟುವವರಿಗೆ ತಿಳಿಯಬೇಕಾದ ಸಂಗತಿಯಿದೆ. ಕಣ್ಣಿಗೆ ಕಾಣುವ ಒಂದು ಗೆರೆಯನ್ನು ಬದಲಿಸಿದರೆ ಅದರ ಹಿಂದೆ ಬಾನೆಟ್ಟಿನ ಒಳಗಿನ ಹತ್ತು ವಸ್ತುಗಳು ಜಾಗ ಬದಲಿಸುತ್ತವೆ. 1951ರಲ್ಲಿ ಕೂಡ ಜಾಗ್ವಾರ್‌ನ ಮೂರು ಕಾರುಗಳಲ್ಲಿ ಎರಡು ನಿಂತದ್ದು ಕಂಪನಕ್ಕೆ ಮುರಿದ ಆಯಿಲ್ ಪೈಪಿನಿಂದ. ಆದ್ದರಿಂದ ಬಾಡಿಯ ಫೋಟೊಗಳನ್ನು ಎಷ್ಟು ಶ್ರದ್ಧೆಯಿಂದ ಕೂಡಿಡುತ್ತೀರೋ ಅಷ್ಟೇ ಶ್ರದ್ಧೆಯಿಂದ ನೀರಿನ, ಆಯಿಲ್‌ನ, ಪೆಟ್ರೋಲಿನ ದಾರಿಗಳ ಚಿತ್ರಗಳನ್ನೂ ಕೂಡಿಡಿ.

ಪ್ರಶ್ನೆ: ಬಾಡಿಗೆ ಫೈಬರ್ ಸಾಕೇ, ಅಲ್ಯೂಮಿನಿಯಂ ಬೇಕೇ? ನಮ್ಮೂರಿನ ಟಿಂಕರಿಂಗ್ ಕೆಲಸಗಾರರು ಅಲ್ಯೂಮಿನಿಯಂ ಎಂದರೆ ಹಿಂಜರಿಯುತ್ತಾರೆ. (ಮಂಗಳೂರಿನ ಓದುಗರು)

ಉತ್ತರ: ಫೈಬರ್ ಅಗ್ಗ, ಬೇಗ ಆಗುತ್ತದೆ, ಮತ್ತು ಇಂಗ್ಲೆಂಡಿನ ಬಹುಪಾಲು ಪ್ರತಿಕೃತಿಗಳು ಅದರಲ್ಲೇ ಆಗಿವೆ. ಆದರೂ ಮೂಲ ಕಾರಿನ ಬಾಡಿ ಅಲ್ಯೂಮಿನಿಯಂನದು. ಸಮಯವಿದ್ದವರು ಅದನ್ನೇ ಕಲಿಯಲಿ ಎಂಬುದು ನನ್ನ ಮನಸ್ಸಿನ ಆಸೆ.

ಮೊದಲು ಕಾರಿನ ಅಡ್ಡಸೀಳುಗಳನ್ನು ಪ್ಲೈವುಡ್ಡಿನಲ್ಲಿ ಕತ್ತರಿಸಿ, ಒಂದರ ಹಿಂದೊಂದು ನಿಲ್ಲಿಸಿ, ಇಡೀ ಕಾರಿನ ಮರದ ಅಚ್ಚು ಮಾಡಿಕೊಳ್ಳಬೇಕು. 1.2ರಿಂದ 1.6 ಮಿ.ಮೀ. ದಪ್ಪದ ಹಾಳೆಯನ್ನು ಮರಳಿನ ಚೀಲದ ಮೇಲೆ ಮರದ ಸುತ್ತಿಗೆಯಿಂದ ಬಡಿದು ಉಬ್ಬಿಸಿ, ಬಳಿಕ ಇಂಗ್ಲಿಷ್ ವೀಲ್ ಎಂಬ ಯಂತ್ರದ ಎರಡು ಉರುಳೆಗಳ ನಡುವೆ ಹಿಂದೆ ಮುಂದೆ ಓಡಿಸಿ ನಯಗೊಳಿಸಿ, ಮತ್ತೆ ಮತ್ತೆ ಅಚ್ಚಿನ ಮೇಲಿಟ್ಟು ನೋಡಬೇಕು. ಬಡಿದಷ್ಟೂ ಹಾಳೆ ಗಡುಸಾಗಿ ಕೊನೆಗೆ ಸೀಳುತ್ತದೆ. ನನ್ನ ಮೊದಲ ಎರಡು ಹಾಳೆಗಳು ಹಾಗೆಯೇ ಹೋದವು. ತಾಮ್ರದ ಹಂಡೆ ಬಡಿಯುವವರು ನಡುನಡುವೆ ಹಂಡೆಯನ್ನು ಕಾಯಿಸಿ ಮೆದುಗೊಳಿಸುವುದು ಇದೇ ಕಾರಣಕ್ಕೆ. ಆದರೆ ಅಲ್ಯೂಮಿನಿಯಂ ಕಾಯುವಾಗ ಬಣ್ಣ ಬದಲಿಸುವುದಿಲ್ಲ, 660 ಡಿಗ್ರಿಗೆ ನೇರ ಕರಗಿ ಕೆಳಗೆ ಬೀಳುತ್ತದೆ. ಅದಕ್ಕೆ ಹಳೆಯ ಕುಶಲಿಗಳ ಉಪಾಯ ಬಟ್ಟೆ ಸೋಪು: ಹಾಳೆಗೆ ಸೋಪು ಉಜ್ಜಿ ಹಿಂಬದಿಯಿಂದ ಶಾಖ ಕೊಟ್ಟು, ಸೋಪು ಕಂದಿ ಕಪ್ಪಾದೊಡನೆ ನಿಲ್ಲಿಸಬೇಕು. ತಣಿದ ಮೇಲೆ ಹಾಳೆ ಮತ್ತೆ ಕೈಗೆ ಬಗ್ಗುತ್ತದೆ. ನಿಮ್ಮೂರಿನ ಟಿಂಕರಿಂಗ್ ಕೆಲಸಗಾರರಿಗೆ ಇದನ್ನು ಒಮ್ಮೆ ಮಾಡಿ ತೋರಿಸಿ. ಉಕ್ಕಿನ ತಗಡಿನಲ್ಲಿ ಪಳಗಿದವರಿಗೆ ಉಳಿದದ್ದು ಬೇಗ ಒಲಿಯುತ್ತದೆ.

ಗ್ಯಾಸ್ ವೆಲ್ಡಿಂಗ್ ಮಾಡಿದರೆ ಬೆಸುಗೆಗೆ ಹಚ್ಚುವ ಫ್ಲಕ್ಸನ್ನು ಬಿಸಿನೀರಿನಲ್ಲಿ ಪೂರ್ತಿ ತೊಳೆಯಿರಿ, ಉಳಿದರೆ ಅದು ಲೋಹವನ್ನು ತಿನ್ನುತ್ತದೆ. ನೀವು ಕರಾವಳಿಯವರಾದ್ದರಿಂದ ಇನ್ನೊಂದು ಎಚ್ಚರಿಕೆ: ಅಲ್ಯೂಮಿನಿಯಂ ಹಾಳೆ ಉಕ್ಕಿನ ಪೈಪನ್ನು ನೇರವಾಗಿ ಮುಟ್ಟಬಾರದು. ಉಪ್ಪುಗಾಳಿಯಲ್ಲಿ ಆ ಎರಡು ಲೋಹಗಳು ಕೂಡಿದ ಕಡೆ ಅಲ್ಯೂಮಿನಿಯಂ ಬಿಳಿಪುಡಿಯಾಗಿ ಉದುರುತ್ತದೆ. ನಡುವೆ ಬಣ್ಣದ ಜೊತೆಗೆ ಟೇಪು ಅಥವಾ ರಬ್ಬರು ಇರಲಿ.

ಪ್ರಶ್ನೆ: ನಾನು ಕೆಲಸದ ಮೇಲೆ ಕವೆಂಟ್ರಿಯಲ್ಲಿದ್ದೇನೆ. ಹಳೆಯ ಜಾಗ್ವಾರ್ ಎಕ್ಸ್‌ಜೆ6 ಒಂದು ಸಿಕ್ಕಿದೆ. ಅದರ ಹಿಂದಿನ ಸಸ್ಪೆನ್ಷನ್ ಸಿ-ಟೈಪ್ ಪ್ರತಿಕೃತಿಗೆ ಆಗುತ್ತದೆಯೇ? ಆ ಕಾರಿನ ಹಳೆಯ ನಂಬರ್ ಉಳಿಯುತ್ತದೆಯೇ? (ಇಂಗ್ಲೆಂಡಿನಿಂದ ಓದುಗರು)

ಉತ್ತರ: ಜಾಗ್ವಾರ್ ಬೆಳೆದ ಊರಿನಲ್ಲೇ ಇದ್ದೀರಿ. ಸಸ್ಪೆನ್ಷನ್ ಕೂರಿಸಲು ಆಗುತ್ತದೆ, ಹಲವರು ಕೂರಿಸಿದ್ದಾರೆ. ಆದರೆ ಸಿ-ಟೈಪ್‌ನ ಎಡ ಬಲ ಚಕ್ರಗಳ ನಡುವಿನ ಅಂತರ 51 ಅಂಗುಲ. ಎಕ್ಸ್‌ಜೆ6ನದು ಅದಕ್ಕಿಂತ ಬಹಳ ಹೆಚ್ಚು. ಶಾಫ್ಟ್‌ಗಳನ್ನೂ ತೋಳುಗಳನ್ನೂ ಮೊಟಕು ಮಾಡದಿದ್ದರೆ ಚಕ್ರಗಳು ಬಾಡಿಯಿಂದ ಹೊರಚಾಚುತ್ತವೆ. ಮೂಲ ಕಾರಿನಲ್ಲಿ ಇದ್ದದ್ದು ಗಟ್ಟಿ ಆಕ್ಸಲ್ ಮತ್ತು ತಿರುಚಿಕೊಳ್ಳುವ ಉಕ್ಕಿನ ಸರಳುಗಳು. ರಸ್ತೆಯ ಸುಖ ಬೇಕಿದ್ದರೆ ಎಕ್ಸ್‌ಜೆ6ನದು, ಮೂಲದ ನಡತೆ ಬೇಕಿದ್ದರೆ ಗಟ್ಟಿ ಆಕ್ಸಲ್.

ನಂಬರಿನ ವಿಷಯದಲ್ಲಿ ಬ್ರಿಟನ್ನಿನ ನಿಯಮ ಸ್ಪಷ್ಟವಾಗಿದೆ. ಇಂಥ ಕಾರು ಐವಿಎ ಎಂಬ ಬಿಡಿ ವಾಹನ ಪರೀಕ್ಷೆಯಲ್ಲಿ ಪಾಸಾಗಬೇಕು. ಹಳೆಯ ಕಾರಿನ ಗುರುತು ತಾನಾಗಿಯೇ ಹೊಸದಕ್ಕೆ ದಾಟುವುದಿಲ್ಲ. ಬಳಸಿದ ಭಾಗಗಳ ವಯಸ್ಸನ್ನು ತೋರಿಸಲಾಗದಿದ್ದರೆ ‘ಕ್ಯೂ’ ಅಕ್ಷರದ ನಂಬರ್ ಸಿಗುತ್ತದೆ. ಬಿಚ್ಚುವ ಮೊದಲ ದಿನದಿಂದಲೇ ರಸೀದಿ ಮತ್ತು ಫೋಟೊಗಳನ್ನು ಜೋಪಾನವಾಗಿಡಿ.

ಪ್ರಶ್ನೆ: ಕಟ್ಟಿದ ಕಾರನ್ನು ನಮ್ಮ ರಸ್ತೆಯಲ್ಲಿ ಓಡಿಸಬಹುದೇ? ಮುಂದೆ ಯಾರಾದರೂ ಇದನ್ನೇ ಅಸಲಿ ಎಂದು ಮಾರಿದರೆ? (ದಾವಣಗೆರೆಯ ಓದುಗರು)

ಉತ್ತರ: ಮೊದಲ ಪ್ರಶ್ನೆಗೆ ನಿರಾಶೆಯ ಉತ್ತರವನ್ನೇ ಕೊಡಬೇಕಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಣೆಯನ್ನು ಬದಲಿಸುವ ಮಾರ್ಪಾಟುಗಳನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದ್ದರಿಂದ ಹಳೆಯ ಕಾರೊಂದರ ಆರ್‌ಸಿ ಪುಸ್ತಕದಡಿ ಇದನ್ನು ಓಡಿಸುವ ಯೋಚನೆ ಬೇಡ. ಹೊಸ ವಾಹನವೆಂದು ಹೋದರೆ ವಾಹನಗಳನ್ನು ಪರೀಕ್ಷಿಸುವ ಪುಣೆಯ ಎಆರ್‌ಎಐನಂಥ ಸಂಸ್ಥೆಗಳ ಮಾದರಿ ಅನುಮೋದನೆ ಬೇಕು; ಅದು ಕಾರ್ಖಾನೆಗಳಿಗಾಗಿ ರೂಪಿಸಿದ ದಾರಿ. 2021ರಲ್ಲಿ ಬಂದ ವಿಂಟೇಜ್ ನೋಂದಣಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳಿಗೆ ಮಾತ್ರ. ಉಳಿಯುವುದು ಖಾಸಗಿ ಜಾಗ, ಮತ್ತು ಅನುಮತಿ ಪಡೆದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅಥವಾ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್. ಅಲ್ಲಿಗೂ ಟ್ರೇಲರ್ ಮೇಲೆ ಹೇರಿಕೊಂಡೇ ಹೋಗಬೇಕು.

ಎರಡನೆಯ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ನಾನು ಋಣಿ. ಪ್ರತಿಕೃತಿ ಕಟ್ಟುವುದು ಮೋಸವಲ್ಲ. ಜಾಗ್ವಾರ್ ಕಂಪನಿಯೇ 2021ರಲ್ಲಿ 1953ರ ಮಾದರಿಯ ಸಿ-ಟೈಪ್‌ಗಳನ್ನು ಹೊಸದಾಗಿ ಕಟ್ಟಿಕೊಡುವುದಾಗಿ ಪ್ರಕಟಿಸಿತು, ಅವನ್ನು ಹೊಸವೆಂದೇ ಹೇಳಿತು. ಹಳೆಯ ಚಾಸಿಸ್ ನಂಬರನ್ನು ಹೊಸ ಪೈಪಿನ ಮೇಲೆ ಕೊರೆಯುವುದು ಮೋಸ. ನಿಮ್ಮ ಊರು, ಕಟ್ಟಿದ ವರ್ಷ, ‘ಪ್ರತಿಕೃತಿ’ ಎಂಬ ಪದ ಇವಿಷ್ಟನ್ನು ಹಿತ್ತಾಳೆಯ ಫಲಕದಲ್ಲಿ ಕೊರೆದು, ಎಂಜಿನ್ನಿಗೂ ಚಾಲಕನಿಗೂ ನಡುವಿನ ತಡೆಗೋಡೆಯಾದ ಬಲ್ಕ್‌ಹೆಡ್‌ಗೆ ರಿವೆಟ್ ಹೊಡೆಯಿರಿ. ಫಲಕವನ್ನು ಕಿತ್ತುಹಾಕಬಹುದಾದ್ದರಿಂದ ಅದೇ ಮಾತನ್ನು ಬಾಡಿ ಕೂರಿಸುವ ಮುನ್ನ ಚಾಸಿಸ್‌ನ ಒಂದು ಮುಖ್ಯ ಪೈಪಿನ ಮೇಲೂ, ಬಾಡಿಯನ್ನು ಬಿಚ್ಚದೆ ಕಾಣದ ಕಡೆ, ಆಳವಾಗಿ ಕೊರೆದುಬಿಡಿ.