ಬ್ರಿಟನ್ನಿನ ಹಿಟ್ ಹಾಡುಗಳಿಗೆ ದಶಕವಾರು ಅಂಕ ಕೊಟ್ಟರೆ ಅರವತ್ತರ ದಶಕವೇ ಏಕೆ ಗೆಲ್ಲುತ್ತದೆ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ನೀವು ನಾಲ್ವರು ಗೆಳೆಯರು ಬ್ರಿಟನ್ನಿನ ಸಿಂಗಲ್ಸ್ ಚಾರ್ಟ್‌ನಲ್ಲಿ (ಬಿಡಿ ಹಾಡುಗಳ, ಅಂದರೆ ಸಿಂಗಲ್‌ಗಳ, ಮಾರಾಟವನ್ನು ಎಣಿಸುವ ವಾರದ ಪಟ್ಟಿಯಲ್ಲಿ) ಮೇಲಕ್ಕೇರಿದ ಹಾಡುಗಳನ್ನು ದಶಕವಾರು ಕೇಳುತ್ತ ಹತ್ತಕ್ಕೆ ಇಷ್ಟೆಂದು ಅಂಕ ಹಾಕುತ್ತಿದ್ದೀರಿ. ಪ್ರತಿ ಸಲವೂ ಅರವತ್ತರ ದಶಕವೇ ಮುಂದಿರುತ್ತದೆ. ಇದು ಆ ದಶಕದ ನಿಜವಾದ ಹಿರಿಮೆಯೋ, ನಿಮ್ಮ ಅಳತೆಗೋಲಿನ ದೋಷವೋ ಎಂಬುದು ನಿಮ್ಮ ಸಂದೇಹ. ಸ್ಟ್ರೀಮಿಂಗ್ ಕಾಲದ ಹಾಡುಗಳನ್ನು ಈ ಲೆಕ್ಕಕ್ಕೆ ಸೇರಿಸಬೇಕೆ ಎಂದೂ ಕೇಳಿದ್ದೀರಿ. ನಾನು ಇಪ್ಪತ್ತು ವರ್ಷಗಳಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ವಾಸವಾಗಿದ್ದು, ಅಕ್ಕಪಕ್ಕದ ಐದಾರು ಮಂದಿಯೊಂದಿಗೆ ತಿಂಗಳಿಗೊಂದು ಶನಿವಾರ ಕುಳಿತು ಇದೇ ಕೆಲಸವನ್ನು ಮಾಡುತ್ತ ಬಂದಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ದೋಷದ ಬಹುಪಾಲು ಅಳತೆಗೋಲಿನದೇ. ನೀವು ಅಂಕ ಕೊಡುತ್ತಿರುವುದು ಅರವತ್ತರ ದಶಕಕ್ಕಲ್ಲ, ಆ ದಶಕವನ್ನು ಕಾಲವು ಜರಡಿ ಹಿಡಿದ ಮೇಲೆ ಉಳಿದ ಕಾಳಿಗೆ. ತೊಂಬತ್ತರ ದಶಕಕ್ಕೆ ಬಂದಾಗ ಮಾತ್ರ ಹೊಟ್ಟನ್ನೂ ಸೇರಿಸಿ ತೂಗುತ್ತೀರಿ, ಏಕೆಂದರೆ ಅದು ನಿಮ್ಮ ನೆನಪಿನಲ್ಲಿ ಇನ್ನೂ ಹಸಿಯಾಗಿದೆ.

1967ನ್ನೇ ತೆಗೆದುಕೊಳ್ಳಿ. ಆ ವರ್ಷವೆಂದರೆ ನಮಗೆಲ್ಲ ಬೀಟಲ್ಸ್, ಪ್ರೋಕಲ್ ಹಾರಮ್ ತಂಡದ 'ಎ ವೈಟರ್ ಶೇಡ್ ಆಫ್ ಪೇಲ್', ಕಿಂಕ್ಸ್ ತಂಡದ 'ವಾಟರ್ಲೂ ಸನ್‌ಸೆಟ್' ನೆನಪಾಗುತ್ತವೆ. ಆದರೆ ಆ ವರ್ಷದ ಅಗ್ರಸ್ಥಾನದ ಹಾಡುಗಳನ್ನು ಜನವರಿಯಿಂದ ಡಿಸೆಂಬರ್‌ವರೆಗೆ ಒಂದನ್ನೂ ಬಿಡದೆ ಕೇಳಿದಾಗ ಎದುರಾಗುವ ಚಿತ್ರವೇ ಬೇರೆ. ವರ್ಷದಲ್ಲಿ ಹನ್ನೊಂದು ವಾರ ಮೊದಲ ಸ್ಥಾನದಲ್ಲಿ ಕುಳಿತವರು ಎಂಗಲ್ಬರ್ಟ್ ಹಂಪರ್ಡಿಂಕ್: 'ರಿಲೀಸ್ ಮಿ' ಹಾಡಿನಿಂದ ಆರು ವಾರ, 'ದ ಲಾಸ್ಟ್ ವಾಲ್ಟ್ಸ್' ಹಾಡಿನಿಂದ ಐದು ವಾರ. ಇವರು 1936ರಲ್ಲಿ ಮದರಾಸಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಕುಟುಂಬದೊಡನೆ ನಮ್ಮ ಲೆಸ್ಟರ್‌ಗೆ ಬಂದು ಬೆಳೆದವರು. ಬೀಟಲ್ಸ್ ತಂಡದ 'ಪೆನ್ನಿ ಲೇನ್' ಮತ್ತು 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಎರಡೂ ಇದ್ದ ಒಂದೇ ಗ್ರಾಮಫೋನ್ ತಟ್ಟೆಯನ್ನು ಎರಡನೆಯ ಸ್ಥಾನದಲ್ಲೇ ನಿಲ್ಲಿಸಿದ್ದು 'ರಿಲೀಸ್ ಮಿ'. ನಮ್ಮ ಗುಂಪಿನಲ್ಲಿ ಆ ವರ್ಷ ಹದಿಹರೆಯದಲ್ಲಿದ್ದ ಒಬ್ಬ ಹಿರಿಯರಿದ್ದಾರೆ. ಅವರು ಹೇಳುವ ಪ್ರಕಾರ, 'ರಿಲೀಸ್ ಮಿ' ತಟ್ಟೆಯನ್ನು ಕೊಂಡವರು ಅವರ ವಾರಿಗೆಯವರಲ್ಲ, ಅವರ ತಾಯಂದಿರು. ಚಾರ್ಟ್ ಎಂಬುದು ಒಂದು ಪೀಳಿಗೆಯ ಹೃದಯದ ಬಡಿತವಲ್ಲ, ಆ ವಾರ ಅಂಗಡಿಗೆ ಹೋದ ಎಲ್ಲರ ಕೈಚೀಲದ ಲೆಕ್ಕ ಎಂಬುದು ನನಗೆ ಮನದಟ್ಟಾದದ್ದು ಅವರ ಆ ಮಾತಿನಿಂದ. ಇಡೀ ವರ್ಷವನ್ನು ಹೀಗೆ ಕೇಳಿದ ಮೇಲೆ 1967ಕ್ಕೆ ನಾವು ಕೊಟ್ಟ ಸರಾಸರಿ ಗಣನೀಯವಾಗಿ ಇಳಿಯಿತು. 'ರಿಲೀಸ್ ಮಿ'ಗೆ ನಾನು ಮೊದಲು ಐದು ಅಂಕ ಕೊಟ್ಟಿದ್ದೆ. ಪಲ್ಲವಿಯ ಏರಿನಲ್ಲಿ ಆ ಕಂಠಕ್ಕಿರುವ ಹಿಡಿತವನ್ನು ಎರಡನೆಯ ಸಲ ಗಮನವಿಟ್ಟು ಕೇಳಿ ಆರಕ್ಕೆ ಏರಿಸಿದೆ.

ಎರಡನೆಯ ತೊಡಕು, ಪಟ್ಟಿಯನ್ನು ಕಟ್ಟುವ ನಿಯಮಗಳು ಕಾಲದಿಂದ ಕಾಲಕ್ಕೆ ಬದಲಾಗಿರುವುದು. ಮೊದಲ ಪಟ್ಟಿ 1952ರ ನವೆಂಬರ್ 14ರಂದು 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಪರ್ಸಿ ಡಿಕಿನ್ಸ್ ಎಂಬವರು ಸುಮಾರು ಇಪ್ಪತ್ತು ಅಂಗಡಿಗಳಿಗೆ ಫೋನ್ ಮಾಡಿ, ಯಾವುದು ಹೆಚ್ಚು ಮಾರಾಟವಾಯಿತೆಂದು ಕೇಳಿ ಬರೆದುಕೊಂಡ ಪಟ್ಟಿ ಅದು. ಹೆಸರಿಗೆ ಹನ್ನೆರಡು ಸ್ಥಾನಗಳಿದ್ದರೂ ಸಮಸಮವಾದ ಹಾಡುಗಳಿದ್ದುದರಿಂದ ಹದಿನೈದು ಹಾಡುಗಳು ಅದರಲ್ಲಿದ್ದವು, ಮತ್ತು ಮೊದಲ ಸ್ಥಾನ ಪಡೆದ ಅಲ್ ಮಾರ್ಟಿನೋ ಬ್ರಿಟನ್ನಿನವರಲ್ಲ, ಅಮೆರಿಕದವರು. (ಅದೇ 1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ ಆರಂಭವಾಯಿತು. ಬುಧವಾರದ ರಾತ್ರಿ ರೇಡಿಯೋ ಮುಂದೆ ಕುಳಿತ ನಮ್ಮ ಹಿರಿಯರಿಗೆ ಹಾಡುಗಳ ಏರಿಳಿತದ ಕುತೂಹಲ ಹೊಸದೇನಲ್ಲ.) ಅರವತ್ತರ ದಶಕದುದ್ದಕ್ಕೂ ಬೇರೆ ಬೇರೆ ಪತ್ರಿಕೆಗಳು ಬೇರೆ ಬೇರೆ ಪಟ್ಟಿಗಳನ್ನು ಪ್ರಕಟಿಸುತ್ತಿದ್ದವು. 1963ರಲ್ಲಿ ಬೀಟಲ್ಸ್ ತಂಡದ 'ಪ್ಲೀಸ್ ಪ್ಲೀಸ್ ಮಿ' ಮೇಲೆ ಹೇಳಿದ ಪತ್ರಿಕೆಯ ಪಟ್ಟಿಯಲ್ಲಿ ಒಂದನೆಯದು. ಇಂದು ಅಧಿಕೃತವೆಂದು ಎಣಿಸಲಾಗುವ 'ರೆಕಾರ್ಡ್ ರಿಟೇಲರ್' ಪಟ್ಟಿಯಲ್ಲಿ ಎರಡನೆಯದು. ಬಿಬಿಸಿ ಮತ್ತು ಸಂಗೀತ ಉದ್ಯಮ ಸೇರಿ ಒಂದೇ ಪಟ್ಟಿಯನ್ನು ಮಾಡಿಸತೊಡಗಿದ್ದು 1969ರಲ್ಲಿ. ಅಂಗಡಿಗಳ ಮಾರಾಟವನ್ನು ಯಂತ್ರದ ಮೂಲಕ ಎಣಿಸತೊಡಗಿದ್ದು 1983ರಲ್ಲಿ.

ಈ ಬದಲಾವಣೆಗಳಿಂದ ದಶಕಗಳ ಹೋಲಿಕೆಗೆ ಆಗುವ ಪೆಟ್ಟು ಸಣ್ಣದಲ್ಲ. 1967ರಲ್ಲಿ ಅಗ್ರಸ್ಥಾನ ಕಂಡ ಹಾಡುಗಳು ಸುಮಾರು ಹದಿನೈದು. 2000ದಲ್ಲಿ ನಲವತ್ತಕ್ಕೂ ಹೆಚ್ಚು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಕಂಪನಿಗಳು ಹಾಡನ್ನು ವಾರಗಟ್ಟಲೆ ಮೊದಲೇ ರೇಡಿಯೋಗೆ ಕೊಟ್ಟು, ಬಿಡುಗಡೆಯ ಮೊದಲ ವಾರದಲ್ಲಿ ಸಿ.ಡಿ.ಯನ್ನು ಕಡಿಮೆ ಬೆಲೆಗೆ ಮಾರಿ, ಅಭಿಮಾನಿಗಳೆಲ್ಲ ಅದೇ ವಾರ ಕೊಳ್ಳುವಂತೆ ನೋಡಿಕೊಳ್ಳುತ್ತಿದ್ದವು. ಹಾಡು ನೇರವಾಗಿ ಒಂದನೆಯ ಸ್ಥಾನಕ್ಕೆ ಬಂದು ಮರುವಾರ ಕುಸಿಯುತ್ತಿತ್ತು. ಹೀಗಿರುವಾಗ ಒಂದು ವಾರದ ಅತಿಥಿಗಳು ಆ ವರ್ಷಗಳ ಸರಾಸರಿಯನ್ನು ಕೆಳಗೆಳೆಯುವುದು ಸಹಜ. ಆದ್ದರಿಂದ ಅಗ್ರಸ್ಥಾನದ ಹಾಡುಗಳನ್ನಷ್ಟೇ ಅಲ್ಲ, ಎರಡನೆಯ ಸ್ಥಾನದಲ್ಲಿ ನಿಂತುಹೋದವುಗಳನ್ನೂ ಕೇಳಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. 1995ರ ಆಗಸ್ಟ್‌ನಲ್ಲಿ ಬ್ಲರ್ ಮತ್ತು ಓಯಸಿಸ್ ತಂಡಗಳು ಒಂದೇ ದಿನ ಸಿಂಗಲ್ ಬಿಡುಗಡೆ ಮಾಡಿ, ಬ್ಲರ್ ಸುಮಾರು 2,74,000 ಮತ್ತು ಓಯಸಿಸ್ ಸುಮಾರು 2,16,000 ಪ್ರತಿಗಳನ್ನು ಮಾರಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ವರ್ಷದ ನಿಜವಾದ ಸಂಗತಿ ನನ್ನ ದೃಷ್ಟಿಯಲ್ಲಿ ಬೇರೆ. ಪಲ್ಪ್ ತಂಡದ 'ಕಾಮನ್ ಪೀಪಲ್' ಮತ್ತು ಓಯಸಿಸ್ ತಂಡದ 'ವಂಡರ್‌ವಾಲ್' ಎರಡೂ ಎರಡನೆಯ ಸ್ಥಾನದಲ್ಲೇ ನಿಂತವು, ಮತ್ತು ಎರಡನ್ನೂ ತಡೆದವರು ರಾಬ್ಸನ್ ಮತ್ತು ಜೆರೋಮ್ ಎಂಬ ಒಂದೇ ಜೋಡಿ. ಅವರು ಟಿವಿ ಧಾರಾವಾಹಿಯ ನಟರು. ಹಾಡಿದ್ದು ಹಳೆಯ ಹಾಡುಗಳ ಮರುಗಾಯನ. 'ಕಾಮನ್ ಪೀಪಲ್' ಹಾಡಿನಲ್ಲಿ ಬಡತನವನ್ನು ವಿನೋದಕ್ಕಾಗಿ ನೋಡಬಯಸುವ ಸಿರಿವಂತರ ಮೇಲಿನ ಕೋಪ ಚರಣದಿಂದ ಚರಣಕ್ಕೆ ವೇಗವನ್ನೂ ಗಾತ್ರವನ್ನೂ ಪಡೆಯುತ್ತ ಹೋಗುವ ಬಗೆಗೆ ನಾನು ಹತ್ತಕ್ಕೆ ಹತ್ತು ಕೊಟ್ಟಿದ್ದೇನೆ. ಅಗ್ರಸ್ಥಾನಗಳನ್ನಷ್ಟೇ ಕೇಳಿದವರ ತೊಂಬತ್ತರ ದಶಕದಲ್ಲಿ ಈ ಹಾಡು ಇರುವುದೇ ಇಲ್ಲ. ಅರವತ್ತರ ದಶಕಕ್ಕೂ ಇದೇ ನ್ಯಾಯ ಸಲ್ಲಬೇಕು: 'ವಾಟರ್ಲೂ ಸನ್‌ಸೆಟ್' ಕೂಡ ಎರಡನೆಯ ಸ್ಥಾನವನ್ನು ದಾಟಲಿಲ್ಲ.

ಹಾಗಾದರೆ ನನ್ನ ಲೆಕ್ಕದಲ್ಲಿ ಗೆಲ್ಲುವ ಕಾಲ ಯಾವುದು? 1979ರಿಂದ 1984ರವರೆಗಿನ ಆರು ವರ್ಷಗಳು. ಒಂದೇ ಹಾಡಿನ ಮೂಲಕ ಇದನ್ನು ವಿವರಿಸಲು ಅನುಮತಿ ಕೊಡಿ. 1981ರ ಜುಲೈಯಲ್ಲಿ ಸ್ಪೆಷಲ್ಸ್ ತಂಡದ 'ಗೋಸ್ಟ್ ಟೌನ್' ಮೂರು ವಾರ ಅಗ್ರಸ್ಥಾನದಲ್ಲಿತ್ತು. ತಂಡ ನಮ್ಮೂರಿಗೆ ಹತ್ತಿರದ ಕವೆಂಟ್ರಿಯದು. ಮೋಟಾರು ಕಾರ್ಖಾನೆಗಳನ್ನೇ ನೆಚ್ಚಿದ್ದ ಆ ಊರಿನಲ್ಲಿ ನಿರುದ್ಯೋಗ ಬೆಳೆಯುತ್ತಿತ್ತು. ಬಣ್ಣದ ದ್ವೇಷದ ಹಲ್ಲೆಗಳು ನಡೆಯುತ್ತಿದ್ದವು. ಕರಿಯರೂ ಬಿಳಿಯರೂ ಒಟ್ಟಿಗೇ ನುಡಿಸುತ್ತಿದ್ದ ಈ ತಂಡ ಅದೇ ಬೇಸಿಗೆಯಲ್ಲಿ ಅಲ್ಲಿ ಜನಾಂಗ ಸೌಹಾರ್ದಕ್ಕಾಗಿ ಸಂಗೀತ ಕಛೇರಿಯನ್ನೂ ಮಾಡಿತ್ತು. ಏಪ್ರಿಲ್‌ನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಗಲಭೆಯಲ್ಲಿ ಹೊತ್ತಿ ಉರಿದಿತ್ತು. ಹಾಡು ಮೇಲಕ್ಕೇರುತ್ತಿದ್ದ ಜುಲೈಯಲ್ಲಿಯೇ ಲಿವರ್‌ಪೂಲಿನ ಟಾಕ್ಸ್‌ಟೆತ್‌ನಲ್ಲಿ ಗಲಭೆಯಾಯಿತು. ಹಾಡು ಇವುಗಳಲ್ಲಿ ಒಂದನ್ನೂ ಹೆಸರಿಸುವುದಿಲ್ಲ. ಮುಚ್ಚಿದ ಕ್ಲಬ್ಬುಗಳು, ಕೆಲಸವಿಲ್ಲದ ಯುವಕರು, ಹಾಳುಬಿದ್ದ ಊರು ಎಂದಷ್ಟೇ ಹೇಳುತ್ತದೆ. ಜಮೈಕದ ಸ್ಕಾ ಮತ್ತು ರೆಗೆ ಲಯದ ಮೇಲೆ ಆರ್ಗನ್ ತಣ್ಣಗೆ ಹರಿಯುತ್ತದೆ, ಗಾಳಿಯಲ್ಲಿ ಯಾರೋ ಊಳಿಟ್ಟಂತೆ ಧ್ವನಿಗಳು ಏಳುತ್ತವೆ, ನಡುವೆ ರಿಕೋ ರಾಡ್ರಿಗಸ್ ಅವರ ಟ್ರಾಂಬೋನ್ ದುಃಖವನ್ನೂ ನೆನಪನ್ನೂ ಒಟ್ಟಿಗೆ ಹೊತ್ತು ಬರುತ್ತದೆ. ಇಷ್ಟು ಕತ್ತಲೆಯ ಹಾಡು ದೇಶದ ಅತ್ಯಂತ ಹೆಚ್ಚು ಮಾರಾಟವಾಗುವ ಹಾಡಾಗಿದ್ದ ಆ ಮೂರು ವಾರಗಳಲ್ಲಿ ಚಾರ್ಟ್ ಬರಿಯ ವ್ಯಾಪಾರದ ಲೆಕ್ಕವಾಗಿ ಉಳಿಯದೆ ದೇಶದ ದಿನಚರಿಯಾಗಿತ್ತು. ಅದೇ ವರ್ಷದಲ್ಲಿ ಸಾಫ್ಟ್ ಸೆಲ್ ತಂಡದ 'ಟೈಂಟೆಡ್ ಲವ್', ಹ್ಯೂಮನ್ ಲೀಗ್ ತಂಡದ 'ಡೋಂಟ್ ಯು ವಾಂಟ್ ಮಿ' ಸಹ ಒಂದನೆಯ ಸ್ಥಾನಕ್ಕೆ ಬಂದವು. ಅಗ್ಗವಾಗುತ್ತಿದ್ದ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ ಸಾಮಾನ್ಯರ ಕೈಗೆ ಸಿಕ್ಕಿದಾಗ ಏನಾಗುತ್ತದೆಂಬುದಕ್ಕೆ ಅವೆರಡೂ ಸಾಕ್ಷಿ.

ನೀವು ಭಾರತದಲ್ಲಿ ಕುಳಿತು ಕೇಳುತ್ತಿರುವುದರಿಂದ ಇನ್ನೊಂದು ಎಚ್ಚರಿಕೆ ಅಗತ್ಯ. ನಮ್ಮ ನಂಟಿರುವ ಹಾಡುಗಳಿಗೆ ಕೈ ತಾನಾಗಿ ಒಂದಂಕ ಹೆಚ್ಚು ಬರೆಯುತ್ತದೆ. ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ಅವರ 'ಮೈ ಸ್ವೀಟ್ ಲಾರ್ಡ್' 1971ರಲ್ಲಿ ಒಂದನೆಯದಾಯಿತು. ಅವರು ತೀರಿಕೊಂಡ ಮೇಲೆ 2002ರ ಜನವರಿಯಲ್ಲಿ ಮತ್ತೊಮ್ಮೆ. ಅದರ ಕೊನೆಯಲ್ಲಿ ಹಿಮ್ಮೇಳದವರು 'ಗುರುರ್ಬ್ರಹ್ಮ ಗುರುರ್ವಿಷ್ಣುಃ' ಎಂದು ಹಾಡುವುದನ್ನು ಮೊದಲ ಬಾರಿಗೆ ಗಮನಿಸಿದಾಗ ಶಾಲೆಯ ಪ್ರಾರ್ಥನೆ ನೆನಪಾಗಿ ಕಣ್ಣು ತುಂಬಿ ಬಂದಿತ್ತು, ಹತ್ತಂಕ ಬರೆದುಬಿಟ್ಟಿದ್ದೆ. ಗುಂಪಿನ ಒಬ್ಬರು, ಈ ರಾಗ ಹಳೆಯ ಅಮೆರಿಕನ್ ಹಾಡೊಂದರ ಅರಿವಿಲ್ಲದ ನಕಲು ಎಂದು 1976ರಲ್ಲಿ ಅಲ್ಲಿಯ ನ್ಯಾಯಾಲಯ ತೀರ್ಪಿತ್ತದ್ದನ್ನು ನೆನಪಿಸಿದರು. ಚರ್ಚೆಯ ನಂತರ ಎಂಟಕ್ಕೆ ಇಳಿಸಿದೆ, ಇಂದಿಗೂ ಎಂಟೇ ಸರಿಯೆನಿಸುತ್ತದೆ. ಲೆಸ್ಟರ್‌ನಲ್ಲಿಯೇ ಹುಟ್ಟಿದ ಕಾರ್ನರ್‌ಶಾಪ್ ತಂಡವು ಆಶಾ ಭೋಸ್ಲೆಯವರಿಗೆ ಗೌರವವಾಗಿ ಹಾಡಿದ 'ಬ್ರಿಮ್‌ಫುಲ್ ಆಫ್ ಆಶಾ' 1997ರಲ್ಲಿ 60ನೆಯ ಸ್ಥಾನದಲ್ಲಿ ನಿಂತು, ಡಿ.ಜೆ. ನಾರ್ಮನ್ ಕುಕ್ ಅದನ್ನು ರೀಮಿಕ್ಸ್ ಮಾಡಿ ವೇಗ ಹೆಚ್ಚಿಸಿದ ಮೇಲೆ 1998ರ ಫೆಬ್ರವರಿಯಲ್ಲಿ ಒಂದನೆಯದಾಯಿತು. ನನಗೆ ಮಾತ್ರ ನಿಧಾನವಾದ ಮೂಲವೇ ಹೆಚ್ಚು ಪ್ರಿಯ. ಆದರೆ ಭಾರತದ ನಂಟನ್ನು ಪೂರ್ತಿ ಬದಿಗಿಟ್ಟರೂ ಒಂಬತ್ತು ಅಂಕ ಪಡೆಯುವ ಹಾಡು 1997ರ ಜನವರಿಯ 'ಯುವರ್ ವುಮನ್'. ರೂರ್ಕೆಲಾದಲ್ಲಿ ಹುಟ್ಟಿದ ಜ್ಯೋತಿ ಮಿಶ್ರಾ, ವೈಟ್ ಟೌನ್ ಎಂಬ ಹೆಸರಿನಲ್ಲಿ, ಡರ್ಬಿಯ ತಮ್ಮ ಮನೆಯಲ್ಲಿಯೇ ಮುದ್ರಿಸಿಕೊಂಡ ಹಾಡದು. 1930ರ ದಶಕದ ಒಂದು ಧ್ವನಿಮುದ್ರಿಕೆಯಿಂದ ಎತ್ತಿಕೊಂಡ ತುತ್ತೂರಿಯ ಚಿಕ್ಕ ತುಣುಕು ಅದರ ಬೆನ್ನೆಲುಬು.

ನಾವು ಅನುಸರಿಸುವ ಕ್ರಮ ಸರಳವಾದದ್ದು. ಒಬ್ಬರು ಒಂದು ವರ್ಷವನ್ನು ಆಯ್ದು ಅಗ್ರಸ್ಥಾನದ ಎಲ್ಲ ಹಾಡುಗಳನ್ನೂ ಎರಡನೆಯ ಸ್ಥಾನದ ಕೆಲವನ್ನೂ ಕಲಸಿ, ಸ್ಥಾನವನ್ನು ಹೇಳದೆ ಕೇಳಿಸುತ್ತಾರೆ, ಪ್ರತಿಯೊಬ್ಬರೂ ಮಾತನಾಡುವ ಮೊದಲೇ ಅಂಕವನ್ನು ಚೀಟಿಯಲ್ಲಿ ಬರೆದಿಡುತ್ತಾರೆ, ಅನಂತರವೇ ಚರ್ಚೆ. ಚರ್ಚೆಯ ಬಳಿಕ ಅಂಕವನ್ನು ಬದಲಿಸಬಹುದು, ಆದರೆ ಮೊದಲಿನದನ್ನು ಅಳಿಸುವಂತಿಲ್ಲ. ನಿಮ್ಮ ನಾಲ್ವರಲ್ಲಿ ದನಿ ದೊಡ್ಡದಿರುವವರು ಒಬ್ಬರಿದ್ದರೆ ಚೀಟಿಯ ಉಪಯೋಗ ಕೂಡಲೇ ತಿಳಿಯುತ್ತದೆ.

ಸ್ಟ್ರೀಮಿಂಗ್ ಕಾಲದ ಹಾಡುಗಳನ್ನು ದಯವಿಟ್ಟು ಬಿಡಬೇಡಿ, ಆದರೆ ಅವುಗಳ ವಾರಗಳ ಎಣಿಕೆಯನ್ನು ಹಳೆಯದರ ಜೊತೆ ಹೋಲಿಸಬೇಡಿ. 2014ರ ಜುಲೈಯಲ್ಲಿ ನೂರು ಸ್ಟ್ರೀಮ್‌ಗಳನ್ನು ಒಂದು ಮಾರಾಟವೆಂದು ಎಣಿಸತೊಡಗಿದ ಮೇಲೆ, ಒಮ್ಮೆ ಕೊಂಡದ್ದನ್ನು ಎಣಿಸುತ್ತಿದ್ದ ಪಟ್ಟಿ ಮತ್ತೆ ಮತ್ತೆ ಕೇಳಿದ್ದನ್ನು ಎಣಿಸುವ ಪಟ್ಟಿಯಾಯಿತು. 2017ರ ಮಾರ್ಚ್‌ನಲ್ಲಿ ಎಡ್ ಶೀರನ್ ಒಬ್ಬರದೇ ಹದಿನಾರು ಹಾಡುಗಳು ಮೊದಲ ಇಪ್ಪತ್ತರಲ್ಲಿದ್ದವು. ಅದೇ ವರ್ಷ, ಮುಖ್ಯ ಕಲಾವಿದರೊಬ್ಬರ ಮೂರಕ್ಕಿಂತ ಹೆಚ್ಚು ಹಾಡುಗಳಿಗೆ ಪಟ್ಟಿಯಲ್ಲಿ ಏಕಕಾಲಕ್ಕೆ ಜಾಗವಿಲ್ಲವೆಂಬ ನಿಯಮ ಬಂದಿತು. ಹಳೆಯ ಹಾಡುಗಳು ಹೊಸ ದಶಕದಲ್ಲಿ ಏರುವುದೂ ಸ್ಟ್ರೀಮ್‌ಗಳ ಎಣಿಕೆಯ ಫಲವೇ, ಮತ್ತು ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ವಾದವಾಗಿರುವುದು ಇವುಗಳ ಬಗೆಗೆ. ಕೇಟ್ ಬುಷ್ ಅವರ 'ರನ್ನಿಂಗ್ ಅಪ್ ದಟ್ ಹಿಲ್' 1985ರಲ್ಲಿ ಮೂರನೆಯದು. ಒಂದು ಟಿವಿ ಸರಣಿಯಲ್ಲಿ ಬಳಕೆಯಾದ ಮೇಲೆ 2022ರ ಜೂನ್‌ನಲ್ಲಿ ಒಂದನೆಯದು. ವ್ಹಾಮ್ ತಂಡದ 'ಲಾಸ್ಟ್ ಕ್ರಿಸ್‌ಮಸ್' 1984ರಲ್ಲಿ ಎರಡನೆಯದಾಗಿ, 2021ರ ಜನವರಿ 1ರ ಪಟ್ಟಿಯಲ್ಲಿ, ಅದರ ಗಾಯಕ ಜಾರ್ಜ್ ಮೈಕಲ್ ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ, ಮೊದಲ ಬಾರಿಗೆ ಒಂದನೆಯದಾಯಿತು. ಇವುಗಳ ಅಂಕವನ್ನು ಎಂಬತ್ತರ ದಶಕದ ಖಾತೆಗೇ ಜಮಾ ಮಾಡಬೇಕೆಂದು ನಾವು ತೀರ್ಮಾನಿಸಿದೆವು, ಏಕೆಂದರೆ ಹಾಡು ಕಟ್ಟಿದ್ದು ಆಗ. ಈ ತೀರ್ಮಾನದಿಂದ ನಾನು ಮೇಲೆ ಮೆಚ್ಚಿದ ಕಾಲಕ್ಕೆ ಲಾಭವಾಗುತ್ತದೆ ಎಂಬ ಆಕ್ಷೇಪಣೆ ಬಂದಿದೆ, ಅದರಲ್ಲಿ ಹುರುಳಿದೆ. ನೀವು 2020ರ ದಶಕದ ಖಾತೆಗೆ ಸೇರಿಸಿ ಲೆಕ್ಕ ಹಾಕಿದರೆ ಫಲಿತಾಂಶ ಎಷ್ಟು ಬದಲಾಯಿತೆಂದು ಇಲ್ಲಿಯೇ ಬರೆಯಿರಿ. ನಮ್ಮ ಚೀಟಿಗಳೆಲ್ಲ ಒಂದು ಡಬ್ಬಿಯಲ್ಲಿವೆ, ನಾನೂ ಹಾಗೆಯೇ ಇನ್ನೊಮ್ಮೆ ಕೂಡಿ ನೋಡುತ್ತೇನೆ.