ವೀಡ್ ಕಟರ್ ಟ್ಯಾಂಕಿನಲ್ಲಿ ಉಳಿದ ಹಳೇ ಪೆಟ್ರೋಲ್ ಹಾಳಾಗುತ್ತಾ?

ಹಾಳಾಗುತ್ತದೆ. ಹೋದ ಮಳೆಗಾಲ ಮುಗಿದ ಮೇಲೆ ಪೆಟ್ರೋಲ್ ಸಮೇತ ಶೆಡ್ಡಿನಲ್ಲಿಟ್ಟ ವೀಡ್ ಕಟರ್ ಈಗ ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗ್ತಿಲ್ಲ, ಪ್ಲಗ್ ಹೊಸದು ಹಾಕಿದ್ದೂ ಆಯ್ತು ಅಂದಿದ್ದೀರಿ. ನಮ್ಮ ಅಡಿಕೆ ತೋಟದಲ್ಲೂ ಇದೇ ಆಗಿತ್ತು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಬಿಚ್ಚಿದರೆ ಒಳಗೆ ಕಂದು ಅಂಟು, ಥೇಟ್ ಕೈಗೆ ಹತ್ತಿದ ಹಲಸಿನ ಮೇಣ. ವಾಸನೆ ಮಾತ್ರ ವಾರ್ನಿಶ್ ಥರ.

ಪೆಟ್ರೋಲ್ ಅಂದರೆ ನೂರಾರು ಹೈಡ್ರೋಕಾರ್ಬನ್‌ಗಳ, ಅಂದರೆ ಇಂಗಾಲ-ಜಲಜನಕ ಸೇರಿದ ವಸ್ತುಗಳ ಬೆರಕೆ. ಹಗುರವಾದವು ಮೊದಲು ಹಾರಿಹೋಗುತ್ತವೆ. ತಣ್ಣಗಿನ ಎಂಜಿನ್ನಿಗೆ ಬೇಗ ಬೆಂಕಿ ಹಿಡಿಸುವುದು ಅವೇ, ಹಾಗಾಗಿ ಅಂಟು ಕಟ್ಟುವ ಮೊದಲೇ ಹಗ್ಗ ಎಳೆದು ಕೈ ಸೋಲುತ್ತದೆ.

ಅಂಟಿನ ಕಥೆ ಬೇರೆ. ರಿಫೈನರಿಯಲ್ಲಿ ಭಾರದ ಎಣ್ಣೆಯನ್ನು ಒಡೆದು ಮಾಡಿದ ಪೆಟ್ರೋಲಿನಲ್ಲಿ ಒಲೆಫಿನ್ ಅನ್ನುವ ಜಾತಿ ಇರುತ್ತದೆ, ಅದಕ್ಕೆ ಗಾಳಿಯ ಆಮ್ಲಜನಕ ಸೇರಿ ಪೆರಾಕ್ಸೈಡ್ ಅನ್ನುವ ಚುರುಕು ವಸ್ತು ಆಗುತ್ತದೆ, ಅದು ಪಕ್ಕದ ಅಣುಗಳನ್ನೂ ಕೆಣಕಿ ಒಂದಕ್ಕೊಂದು ಕೊಂಡಿ ಬೀಳುತ್ತಾ ಹೋಗಿ ಕೊನೆಗೆ ಗಮ್, ಅಂದರೆ ಆ ಅಂಟು ಆಗುತ್ತದೆ. ಬಿಸಿ ಇದ್ದರೆ, ತಾಮ್ರ ತಗುಲಿದರೆ ಇನ್ನೂ ಬೇಗ. ಇದನ್ನು ತಡೆಯೋಕೆ ಆಂಟಿಆಕ್ಸಿಡೆಂಟ್ ಬೆರೆಸಿರುತ್ತಾರೆ, ಅದೂ ದಿನ ಕಳೆದಂತೆ ಖರ್ಚಾಗುತ್ತದೆ. 100 ಡಿಗ್ರಿ ಬಿಸಿಯಲ್ಲಿ, ಒತ್ತಡ ಹಾಕಿ ತುಂಬಿದ ಆಮ್ಲಜನಕದಲ್ಲಿ, ಪೆಟ್ರೋಲ್ 360 ನಿಮಿಷ ಕೆಡದೆ ನಿಲ್ಲಬೇಕು ಅಂತ ನಮ್ಮ ದೇಶದಲ್ಲಿ ಪರೀಕ್ಷೆಯೇ ಇದೆ. ಆದರೆ ಅದು ಅರ್ಧ ಖಾಲಿ ಟ್ಯಾಂಕನ್ನು ತಗಡಿನ ಶೆಡ್ಡಿನಲ್ಲಿ ಎಂಟು ತಿಂಗಳು ಬೇಯಿಸಿ ಮಾಡಿದ ಪರೀಕ್ಷೆ ಅಲ್ವಲ್ಲ!

ಕಾರ್ಬುರೇಟರಿನಲ್ಲಿ ಉಳಿಯುವುದು ನಾಲ್ಕು ಹನಿ. ಅದು ಆರಿ ಅಂಟು ಮಾತ್ರ ಉಳಿಯುತ್ತದೆ, ಪೆಟ್ರೋಲ್ ಚಿಮ್ಮುವ ಜೆಟ್ಟಿನ ತೂತೋ ಸೂಜಿ ಮೊನೆಯಷ್ಟು, ಕಟ್ಟಿಕೊಳ್ಳುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇದೆ. ಅದು ತೇವ ಎಳೆದುಕೊಳ್ಳುತ್ತದೆ, ನೀರು ಜಾಸ್ತಿಯಾದರೆ ಎರಡೂ ಸೇರಿ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತವೆ. ಟ್ಯಾಂಕಿನ ಪೈಪು ಹೀರುವುದೂ ತಳದಿಂದಲೇ.

ಹಳೇದನ್ನೆಲ್ಲ ಸುರಿದುಬಿಡಿ, ಹೊಸ ಪೆಟ್ರೋಲ್ ಬೆರೆಸಿ ಸರಿಮಾಡೋಣ ಅಂತ ಹೋಗಬೇಡಿ. ಒಣಗಿದ ಅಂಟು ಪೆಟ್ರೋಲಿಗೆ ಸುಲಭಕ್ಕೆ ಕರಗಲ್ಲ, ಕಾರ್ಬುರೇಟರ್ ಕ್ಲೀನರ್ ಬೇಕು. ಅದನ್ನು ಹೊಡೆಯುವ ಮೊದಲು ಕಾರ್ಬುರೇಟರಿನ ರಬ್ಬರ್ ಡಯಾಫ್ರಾಮ್ (ತೆಳು ಪರದೆ) ತೆಗೆದಿಡಿ. ನಾನು ತೆಗೆಯದೆ ಹೊಡೆದು ಹೊಸದು ತರಬೇಕಾಯ್ತು. ಸುರಿದ ಪೆಟ್ರೋಲನ್ನು ಕಸದ ರಾಶಿಗೆ ಹಾಕಿ ಕಡ್ಡಿ ಗೀರುವವರಿದ್ದಾರೆ, ದಯವಿಟ್ಟು ಬೇಡ.

ಮುಂದಿನ ಸಲ ಕೆಲಸ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.