ಜ್ವರಕ್ಕೆ ಡೋಲೋ 650 ನುಂಗಿದ ಮೇಲೆ ಶೀತದ ಮಾತ್ರೆಯನ್ನೂ ತೆಗೆದುಕೊಳ್ಳಬಹುದೇ?

ಮೊದಲು ಶೀತದ ಮಾತ್ರೆಯ ಸ್ಟ್ರಿಪ್ ಹಿಂಬದಿ ಓದಿ. ಡೋಲೋದಲ್ಲಿರುವುದು ಪ್ಯಾರಾಸಿಟಮಾಲ್. ಅನೇಕ ಶೀತದ ಮಾತ್ರೆಗಳಲ್ಲೂ ಅದೇ ಇರುತ್ತದೆ, ಸಾಮಾನ್ಯವಾಗಿ 500 ಮಿ.ಗ್ರಾಂ. ಎರಡನ್ನೂ ಒಟ್ಟಿಗೆ ನುಂಗಿದರೆ 1150 ಮಿ.ಗ್ರಾಂ. ಆಗುತ್ತದೆ. ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 1000, ದಿನಕ್ಕೆ 4000 ಮಿ.ಗ್ರಾಂ. ಮೇಲ್ಮಿತಿ. ಹಾಗಾಗಿ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಿ. ಡೋಲೋ ಆದರೆ ಆರು ಗಂಟೆಗೊಂದು, ದಿನಕ್ಕೆ ನಾಲ್ಕು ಸಾಕು. ದಿನವೂ ಕುಡಿಯುವವರು, ತೀರಾ ತೂಕ ಕಡಿಮೆ ಇರುವವರು, ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅಷ್ಟೂ ತೆಗೆದುಕೊಳ್ಳಬಾರದು.

ಮಿತಿ ಮೀರಿದರೆ ಹಾಳಾಗುವುದು ಯಕೃತ್ತು. ಮೊದಲ ದಿನ ವಾಕರಿಕೆ ಬಿಟ್ಟರೆ ಏನೂ ಗೊತ್ತಾಗದಿರಬಹುದು, ಅದೇ ಭಯದ ವಿಷಯ. ಹೆಚ್ಚು ನುಂಗಿದ್ದು ತಿಳಿದ ಕೂಡಲೇ ಆಸ್ಪತ್ರೆಗೆ ಹೋಗಿ. ಬೇಗ ಹೋದಷ್ಟೂ ಪ್ರತಿವಿಷದ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ.

ಮಕ್ಕಳ ಸಿರಪ್‌ನಲ್ಲಿ ಇನ್ನೊಂದು ಅಪಾಯವಿದೆ. 5 ಮಿ.ಲೀ.ಗೆ 120 ಮತ್ತು 250 ಮಿ.ಗ್ರಾಂ. ಎಂದು ಎರಡು ಬಗೆ ಸಿಗುತ್ತವೆ. 10 ಕೆ.ಜಿ. ಮಗುವಿಗೆ ಮೊದಲನೆಯದು ಸುಮಾರು 6 ಮಿ.ಲೀ. ಆದರೆ ಎರಡನೆಯದು 3 ಮಿ.ಲೀ. ಮಾತ್ರ. ಅಡುಗೆಮನೆಯ ಚಮಚ ಬೇಡ, ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳವನ್ನೇ ಬಳಸಿ.

ಡೆಂಗ್ಯೂ ಅನುಮಾನವಿದ್ದರೆ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ, ರಕ್ತಸ್ರಾವ ಹೆಚ್ಚಬಹುದು. ಮೂರು ದಿನಕ್ಕೂ ಜ್ವರ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ.